ವೈಮಾನಿಕನ ವಿದ್ಯಾಭ್ಯಾಸ

ಬೆಂಗಳೂರಿನಿಂದ ಬಳ್ಳಾರಿ ರಸ್ತೆ ಹಿಡಿದು ದೇವನಹಳ್ಳಿಯ ವಿಮಾನ ನಿಲ್ದಾಣಕ್ಕೆ ಧಾವಿಸುವ ಪ್ರಯಾಣಿಕನು, ಸಾಮಾನಿನ ತೂಕ, ಹೊರಡುವ ವೇಳೆ, ಹೆಬ್ಬಾಳದ ವಾಹನಸಂದಣಿ ಇವುಗಳ ಚಿಂತೆಯಲ್ಲಿ ಮಗ್ನನಾಗಿರುವುದರಿಂದ, ಅದೇ ರಸ್ತೆಯ ಮಗ್ಗುಲಿಗೆ ಜಕ್ಕೂರಿನಲ್ಲಿ ಇನ್ನೊಂದು ಪುಟ್ಟ ವಿಮಾನ ನಿಲ್ದಾಣವಿರುವುದನ್ನು ಕತ್ತೆತ್ತಿ ನೋಡುವುದು ಅಪರೂಪ. 1940ರ ದಶಕದ ಕೊನೆಯಲ್ಲಿ ಹುಟ್ಟಿ, ಇಂದಿಗೂ ರಾಜ್ಯ ಸರ್ಕಾರದ ಅಧೀನದಲ್ಲಿರುವ ವೈಮಾನಿಕ ತರಬೇತಿ ಶಾಲೆ ಅಲ್ಲಿದೆ. ಈ ಎರಡು ನಿಲ್ದಾಣಗಳ ನಡುವಣ ದೂರವನ್ನು ಬಾಡಿಗೆ ಕಾರು, ದಾರಿ ಸುಗಮವಾಗಿದ್ದರೆ, ಅರ್ಧ ಗಂಟೆಯೊಳಗಾಗಿ ಕ್ರಮಿಸಿಬಿಡುತ್ತದೆ. ಆದರೆ ಮುಕ್ಕಾಲು ಟನ್ನು ತೂಗುವ, ಇಬ್ಬರು ಭುಜಕ್ಕೆ ಭುಜ ತಗುಲಿಸಿ ಕೂರಬೇಕಾದ ಸೆಸ್ನಾ 152 ವಿಮಾನದಲ್ಲಿ ವಿದ್ಯಾರಂಭ ಮಾಡಿ, 78 ಟನ್ನು ಭಾರದೊಂದಿಗೆ ನೂರೆಂಬತ್ತು ಜನರನ್ನು ಹೊತ್ತು ಏರುವ ಏರ್‌ಬಸ್ ಎ320ರ ಕಾಕ್‌ಪಿಟ್ಟನ್ನು ಸೇರಬೇಕೆಂದು ಹೊರಟ ತರುಣನಿಗಾಗಲಿ ತರುಣಿಗಾಗಲಿ ಆ ದಾರಿ ಸವೆಯುವುದಕ್ಕೆ ವರ್ಷಗಳು ಹಿಡಿಯುತ್ತವೆ. ಹೊರಟವರೆಲ್ಲರೂ ತಲಪುತ್ತಾರೆಂಬುದೂ ಇಲ್ಲ.

ವೈಮಾನಿಕನೆಂದರೆ ಸಾಹಸಿ, ಭಯವರಿಯದವನು, ಮೋಡಗಳೊಡನೆ ಸರಸವಾಡತಕ್ಕವನು ಎಂಬ ಚಿತ್ರವೊಂದು ಜನಮನಸ್ಸಿನಲ್ಲಿ ಬೇರೂರಿದೆ. ಅದಕ್ಕೆ ಕಾರಣವಿಲ್ಲದೆಯೂ ಇಲ್ಲ. 1929ರ ಫೆಬ್ರವರಿ 10ರಂದು ಭಾರತದಲ್ಲಿ ಕೊಡಲಾದ ಮೊತ್ತಮೊದಲ ಪೈಲಟ್ ಪರವಾನಗಿಯನ್ನು ಪಡೆದ ಜೆ.ಆರ್.ಡಿ. ಟಾಟಾ ಅವರು, 1932ರ ಅಕ್ಟೋಬರ್ 15ರಂದು ಪಸ್ ಮಾತ್ ಎಂಬ ಒಂಟಿ ಎಂಜಿನ್ನಿನ ವಿಮಾನದಲ್ಲಿ ಕರಾಚಿಯಿಂದ ಅಹಮದಾಬಾದಿನ ಮಾರ್ಗವಾಗಿ ಮುಂಬಯಿಗೆ ಅಂಚೆಯನ್ನು ತಂದಾಗ, ಅಲ್ಲಿಂದ ಮುಂದಕ್ಕೆ ನಮ್ಮ ಬಳ್ಳಾರಿಯ ಮೂಲಕ ಮದರಾಸಿಗೆ ಅದನ್ನು ಒಯ್ದವನು ಅವರ ಸಹೋದ್ಯೋಗಿ ನೆವಿಲ್ ವಿನ್ಸೆಂಟ್. ರೇಡಿಯೋ ಸಂಕೇತದ ಸಹಾಯವಿಲ್ಲದೆ, ಕೆಳಗೆ ಕಾಣುವ ನದಿ, ರೈಲುಕಂಬಿ, ಬೆಟ್ಟಗಳ ಗುರುತು ಹಿಡಿದು ಹಾರಿದ ಆ ತಲೆಮಾರಿಗೆ ಧೈರ್ಯವು ಬಂಡವಾಳವೇ ಆಗಿತ್ತೆನ್ನಬೇಕು. ಆದರೆ ಇಂದು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯವು, ಎಂದರೆ ಎಲ್ಲರ ಬಾಯಲ್ಲಿ ಡಿಜಿಸಿಎ ಎನಿಸಿಕೊಂಡಿರುವ ಕಚೇರಿಯು, ವಿಧಿಸಿರುವ ಶಿಕ್ಷಣಕ್ರಮವನ್ನು ಮೊದಲಿನಿಂದ ಕೊನೆಯವರೆಗೆ ಪರಿಶೀಲಿಸಿದವನಿಗೆ, ಅದರಲ್ಲಿ ಧೈರ್ಯದ ಪಾಠ ಒಂದೂ ಕಾಣಸಿಗದು. ಕೈಗೆ ಸಹಜವೆನಿಸಿದ್ದನ್ನು, ಕಿವಿಗೆ ಸತ್ಯವೆನಿಸಿದ್ದನ್ನು, ಕಡೆಗೆ ತನ್ನ ಮನಸ್ಸಿಗೆ ಪ್ರಿಯವಾದದ್ದನ್ನು ಕೂಡ ಸಂಶಯದಿಂದ ಕಾಣುವುದನ್ನು ಒಬ್ಬ ಆರೋಗ್ಯವಂತ, ಆತ್ಮವಿಶ್ವಾಸವುಳ್ಳ ಯುವಕನಿಗೆ ಕಲಿಸುವುದೇ ಆ ಶಿಕ್ಷಣದ ಬಹುಭಾಗವೆಂದು ನನಗೆ ತೋರುತ್ತದೆ.

ಪ್ರವೇಶದ ನಿಬಂಧನೆಗಳನ್ನು ಬೇಗ ಹೇಳಿ ಮುಗಿಸಬಹುದು. ವಿದ್ಯಾರ್ಥಿ ಪೈಲಟ್ ಪರವಾನಗಿಗೆ 16 ವರ್ಷ, ವಾಣಿಜ್ಯ ಪರವಾನಗಿಗೆ, ಎಂದರೆ ಸಿಪಿಎಲ್‌ಗೆ, 18 ವರ್ಷ ತುಂಬಿರಬೇಕು. ಪಿಯುಸಿಯಲ್ಲಿ ಭೌತಶಾಸ್ತ್ರ ಮತ್ತು ಗಣಿತವನ್ನು ಓದಿ ತೇರ್ಗಡೆಯಾಗಿರಬೇಕು. ಈ ವಿಜ್ಞಾನದ ನಿಬಂಧನೆಯನ್ನು ಸಡಿಲಿಸಬೇಕೆಂಬ ಮಾತು ಈಚೆಗೆ ಕೇಳಿಬರುತ್ತಿರುವುದುಂಟು. ದೇಹಪರೀಕ್ಷೆ ಮಾತ್ರ ಅಷ್ಟು ಹಗುರವಾದ ವಿಷಯವಲ್ಲ. ಮೊದಲು ಎರಡನೆಯ ದರ್ಜೆಯ ಪ್ರಮಾಣಪತ್ರ, ಅನಂತರ ಒಂದನೆಯ ದರ್ಜೆಯದು. ಹೃದಯ, ಶ್ವಾಸಕೋಶ, ಶ್ರವಣ, ರಕ್ತದೊತ್ತಡ, ಬಣ್ಣಗಳನ್ನು ಗುರುತಿಸುವ ಶಕ್ತಿ ಎಲ್ಲವೂ ತನಿಖೆಗೆ ಒಳಪಡುತ್ತವೆ. ವಾಯುಸೇನೆಯು 1957ರಲ್ಲಿ ಸ್ಥಾಪಿಸಿ, ಈಗ ವೈಮಾನಿಕ ವೈದ್ಯಕೀಯ ಸಂಸ್ಥೆಯೆಂದು ಬೆಳೆದಿರುವ ಬೆಂಗಳೂರಿನ ಹಳೆಯ ವಿಮಾನ ನಿಲ್ದಾಣ ರಸ್ತೆಯ ಕೇಂದ್ರವು ಈ ವಿದ್ಯೆಗೆ ದೇಶದಲ್ಲಿಯೇ ಹೆಸರಾದುದು. ಕನ್ನಡಕ ಹಾಕಿಕೊಂಡವರು ಪೈಲಟ್ ಆಗಲಾರರೆಂಬ ನಂಬಿಕೆ ನಮ್ಮ ಮನೆಗಳಲ್ಲಿ ಇನ್ನೂ ಜೀವಂತವಾಗಿದೆ. ಕನ್ನಡಕದಿಂದ ದೃಷ್ಟಿಯು ಗೊತ್ತಾದ ಮಟ್ಟಕ್ಕೆ ಬರುವುದಾದರೆ ಅಡ್ಡಿಯಿಲ್ಲ. ಕೆಂಪು ಹಸಿರುಗಳ ಭೇದ ತಿಳಿಯದ ಕಣ್ಣಿಗಾದರೋ ಕನ್ನಡಕದ ಉಪಾಯ ನಡೆಯದು. ಮಗನ ಅಥವಾ ಮಗಳ ಆಸೆಗೆ ಒಲಿದು ಶಾಲೆಯ ಶುಲ್ಕಕ್ಕಾಗಿ ಸೈಟು ಮಾರಲು ಹೊರಟ ತಂದೆತಾಯಿಗಳು, ಒಂದನೆಯ ದರ್ಜೆಯ ದೇಹಪರೀಕ್ಷೆಯನ್ನು ಮೊದಲು ಮುಗಿಸಿಕೊಂಡು ಆಮೇಲೆ ಹಣ ಕಟ್ಟುವುದು ಲೇಸು; ಅನೇಕರು ಇದನ್ನು ತಿರುವುಮುರುವಾಗಿ ಮಾಡುತ್ತಾರೆ.

ಲಿಖಿತ ಪರೀಕ್ಷೆಗಳು ನೆಲದ ಮೇಲಿನ ಮೊದಲ ಬೇಲಿ. ವಾಯುಮಾರ್ಗದ ಲೆಕ್ಕಾಚಾರ, ಹವಾಮಾನ, ವಾಯುಯಾನ ನಿಯಮಗಳು, ವಿಮಾನದ ಯಂತ್ರವಿಜ್ಞಾನ ಎಂಬ ವಿಷಯಗಳಲ್ಲಿ ಒಂದೊಂದರಲ್ಲಿಯೂ ನೂರಕ್ಕೆ ಎಪ್ಪತ್ತು ಅಂಕ ಬಾರದೆ ತೇರ್ಗಡೆಯಿಲ್ಲ. ರೇಡಿಯೋದಲ್ಲಿ ಮಾತನಾಡುವುದಕ್ಕೆ ಪ್ರತ್ಯೇಕ ಪರವಾನಗಿಯುಂಟು. ಕಾಲೇಜಿನಲ್ಲಿ ಒಣಗಿದ ಸೂತ್ರಗಳಂತೆ ಕಂಡ ಭೌತಶಾಸ್ತ್ರವು ಇಲ್ಲಿ ಜೀವನ್ಮರಣದ ಪ್ರಶ್ನೆಯಾಗಿ ಎದುರು ನಿಲ್ಲುವುದನ್ನು ಕಂಡು ವಿದ್ಯಾರ್ಥಿ ಬೆರಗಾಗುತ್ತಾನೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 3000 ಅಡಿ ಎತ್ತರದಲ್ಲಿರುವುದರಿಂದ ಇಲ್ಲಿಯ ಗಾಳಿ ಮಂಗಳೂರಿನ ಗಾಳಿಗಿಂತ ತೆಳುವು. ಏಪ್ರಿಲ್ ತಿಂಗಳ ಮಧ್ಯಾಹ್ನ ಅದು ಕಾಯ್ದು ಇನ್ನಷ್ಟು ತೆಳುವಾಗುತ್ತದೆ. ತೆಳುಗಾಳಿಯಲ್ಲಿ ರೆಕ್ಕೆಗೂ ಎಂಜಿನ್ನಿಗೂ ಬಲ ಸಾಲದೆ, ಅದೇ ವಿಮಾನ ಅದೇ ಭಾರದೊಡನೆ ನೆಲ ಬಿಡಲು ಹೆಚ್ಚು ಉದ್ದದ ರನ್‌ವೇಯನ್ನು ಬೇಡುತ್ತದೆ. ಎತ್ತರವನ್ನು ತೋರಿಸುವ ಉಪಕರಣವೆಂದು ನಾವು ಭಾವಿಸುವ ಆಲ್ಟಿಮೀಟರು ವಾಸ್ತವವಾಗಿ ಅಳೆಯುವುದು ಗಾಳಿಯ ಒತ್ತಡವನ್ನು. ಆ ದಿನದ ಆ ಊರಿನ ಒತ್ತಡಕ್ಕೆ ಅದನ್ನು ಹೊಂದಿಸುವಾಗ ಒಂದು ಹೆಕ್ಟೋಪಾಸ್ಕಲಿನಷ್ಟು ತಪ್ಪಾದರೆ ಸುಮಾರು ಮೂವತ್ತು ಅಡಿಗಳಷ್ಟು ಸುಳ್ಳನ್ನು ಅದು ನಿರ್ವಿಕಾರವಾಗಿ ತೋರಿಸುತ್ತಾ ಕೂರುತ್ತದೆ. ಆದುದರಿಂದಲೇ ನಿಯಂತ್ರಣ ಗೋಪುರದವರು ಆ ಸಂಖ್ಯೆಯನ್ನು ಹೇಳಿದಾಗ, ಕೇಳಿಸಿತೆಂದು ಗೋಣಾಡಿಸಿದರೆ ಸಾಲದು, ಅದನ್ನೇ ಮರಳಿ ಉಚ್ಚರಿಸಬೇಕೆಂಬ ವಿಧಿ.

ಹವಾಮಾನದ ಪಾಠವನ್ನು ಕುರಿತು ಇನ್ನೊಂದು ಮಾತು ಸೇರಿಸಬೇಕು. ಮುಂಗಾರಿಗೆ ಮುನ್ನ ದಖ್ಖನಿನ ಮೇಲೆ ಮಧ್ಯಾಹ್ನದ ಹೊತ್ತಿಗೆ ಎದ್ದುನಿಲ್ಲುವ ಗುಡುಗುಮೋಡವು, ಕವಿಗಳಿಗೆ ಎಷ್ಟೇ ಪ್ರಿಯವಾಗಿರಲಿ, ಒಳಗೆ ಮೇಲ್ಮುಖವಾಗಿಯೂ ಕೆಳಮುಖವಾಗಿಯೂ ಏಕಕಾಲದಲ್ಲಿ ಧಾವಿಸುವ ಗಾಳಿಗಳಿಂದಲೂ ಆಲಿಕಲ್ಲಿನಿಂದಲೂ ತುಂಬಿದ ಯಂತ್ರಾಗಾರ. ಅದರ ತುದಿ 40,000 ಅಡಿಗಳನ್ನು ಮೀರುವುದುಂಟು. ದೊಡ್ಡ ವಿಮಾನವೂ ಅದನ್ನು ಸುತ್ತಿಕೊಂಡು ಹೋಗುತ್ತದೆಯೇ ಹೊರತು ಒಳಹೊಕ್ಕು ಪರಾಕ್ರಮ ತೋರಿಸುವುದಿಲ್ಲ.

ಇನ್ನು ಹಾರಾಟ. ಬೆಳಗಿನ ಗಾಳಿ ಶಾಂತವಾಗಿರುವ ಹೊತ್ತಿಗೆ ವಿದ್ಯಾರ್ಥಿಯು ವಿಮಾನದ ಸುತ್ತ ನಡೆದು, ರೆಕ್ಕೆಯ ಕೀಲುಗಳನ್ನು ಮುಟ್ಟಿ ನೋಡಿ, ಇಂಧನದ ತೊಟ್ಟಿಯಿಂದ ಸ್ವಲ್ಪವನ್ನು ಗಾಜಿನ ಕೊಳವೆಗೆ ಇಳಿಸಿ ಅದರಲ್ಲಿ ನೀರು ಬೆರೆತಿದೆಯೇ ಎಂದು ಬೆಳಕಿಗೆ ಹಿಡಿದು ಪರೀಕ್ಷಿಸಿ, ವೇಗವನ್ನಳೆಯುವ ಕೊಳವೆಯ ಮೇಲಿನ ಹೊದಿಕೆಯನ್ನು ತೆಗೆದು, ಆಮೇಲೆ ಒಳಗೆ ಕೂರುತ್ತಾನೆ. ಇಂಥ ತರಬೇತಿ ವಿಮಾನಗಳನ್ನು ಕಟ್ಟುವುದರಲ್ಲಿ ಬೆಂಗಳೂರಿಗೆ ತನ್ನದೇ ಆದ ಪರಂಪರೆಯಿದೆ: ಡಾಕ್ಟರ್ ವಿ.ಎಂ. ಘಾಟಗೆಯವರ ನೇತೃತ್ವದಲ್ಲಿ ಹಿಂದುಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ರೂಪಿಸಿದ ಎಚ್‌ಟಿ-2 ವಿಮಾನವು 1951ರಲ್ಲಿ ಮೇಲೇರಿತು. ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದ ಹಂಸ 1993ರಲ್ಲಿ.

ಮೊದಮೊದಲು ಬೋಧಕನು ಕಲಿಸುವ ವಿದ್ಯೆಗಳಲ್ಲಿ 'ಸ್ಟಾಲ್' ಎಂಬುದು ನನ್ನ ದೃಷ್ಟಿಯಲ್ಲಿ ಅತ್ಯಂತ ಬೋಧಪ್ರದವಾದುದು. ವಿಮಾನದ ಮೂತಿಯನ್ನು ಮೇಲೆತ್ತುತ್ತಾ ಹೋದಂತೆ ರೆಕ್ಕೆಯು ಎದುರುಗಾಳಿಯನ್ನು ಸಂಧಿಸುವ ಕೋನ ಹಿರಿದಾಗಿ, ಸುಮಾರು ಹದಿನೈದು ಹದಿನಾರು ಡಿಗ್ರಿಯನ್ನು ದಾಟಿದೊಡನೆ ರೆಕ್ಕೆಯ ಬೆನ್ನಿಗಂಟಿ ಹರಿಯುತ್ತಿದ್ದ ಗಾಳಿ ಕಿತ್ತುಹೋಗಿ, ರೆಕ್ಕೆ ಹೊರುವುದನ್ನು ನಿಲ್ಲಿಸುತ್ತದೆ. ವಿಮಾನವು ಕುಸಿಯುತ್ತಿರುವಾಗ, ಭೂಮಿಯು ತನ್ನ ಕಡೆಗೆ ಬರುತ್ತಿರುವಾಗ, ಮನುಷ್ಯನ ಕೈಗೆ ತೋಚುವ ಏಕೈಕ ಉಪಾಯವೆಂದರೆ ಹಿಡಿಯನ್ನು ಇನ್ನಷ್ಟು ಹಿಂದಕ್ಕೆ ಜಗ್ಗಿ ಮೂತಿಯನ್ನು ಮೇಲೆತ್ತುವುದು; ಅದೇ ಸರ್ವನಾಶದ ಹಾದಿ. ಕೆಳಕ್ಕೆ ಬೀಳುತ್ತಿರುವಾಗಲೇ ಮೂತಿಯನ್ನು ಮತ್ತೂ ಕೆಳಕ್ಕೆ ತಳ್ಳಿ, ಕೋನವನ್ನು ತಗ್ಗಿಸಿ, ರೆಕ್ಕೆಗೆ ಮತ್ತೆ ಗಾಳಿಯನ್ನು ಒದಗಿಸಬೇಕು. ಈ ತರ್ಕವನ್ನು ಕರಿಹಲಗೆಯ ಮುಂದೆ ಕುಳಿತು ಐದು ನಿಮಿಷದಲ್ಲಿ ಗ್ರಹಿಸಬಹುದು. ಅದನ್ನು ಕೈಗೆ ಕಲಿಸಲು ಎಷ್ಟೋ ಮುಂಜಾವುಗಳು ಬೇಕಾಗುತ್ತವೆ.

ಒಂದು ದಿನ ಬೋಧಕನು, ಮುನ್ಸೂಚನೆ ಕೊಟ್ಟೋ ಕೊಡದೆಯೋ, ಪಕ್ಕದ ಆಸನದಿಂದ ಇಳಿದು ಹೋಗುತ್ತಾನೆ. ವಿದ್ಯಾರ್ಥಿಯೊಬ್ಬನೇ ಏರಿ, ನಿಲ್ದಾಣಕ್ಕೆ ಒಂದು ಸುತ್ತು ಬಂದು ಇಳಿಯುವ ಆ ಸೋಲೋ ಹಾರಾಟವಾದ ಮೇಲೆ ಒಡನಾಡಿಗಳು ಬಕೆಟ್ಟಿನಿಂದ ನೀರು ಸುರಿದು ಅಭಿಷೇಕ ಮಾಡುವ ಸಂಪ್ರದಾಯ ಹಲವು ಶಾಲೆಗಳಲ್ಲಿ ನಡೆದುಬಂದಿದೆ. ಅಲ್ಲಿಂದ ಮುಂದಿನದು ಗಂಟೆಗಳ ಗಣನೆ. ಒಟ್ಟು 200 ಗಂಟೆಗಳ ಹಾರಾಟವಾಗಬೇಕು. ಅದರಲ್ಲಿ 100 ಗಂಟೆ ವಿಮಾನದ ಹೊಣೆ ಪೂರ್ತಿ ತನ್ನದಾಗಿರಬೇಕು. ಊರಿಂದೂರಿಗೆ ಹಾರಿದ್ದು 20 ಗಂಟೆ, ಅದರಲ್ಲೊಂದು ಪಯಣ 300 ನಾಟಿಕಲ್ ಮೈಲಿಗೆ, ಎಂದರೆ ಸುಮಾರು 555 ಕಿಲೋಮೀಟರಿಗೆ, ಕಡಿಮೆಯಿಲ್ಲದಂತೆ ದಾರಿಯಲ್ಲಿ ಬೇರೆ ಎರಡು ನಿಲ್ದಾಣಗಳಲ್ಲಿ ಇಳಿದುದಾಗಿರಬೇಕು. ರಾತ್ರಿಯ ಹಾರಾಟ 5 ಗಂಟೆ. ಉಪಕರಣಗಳನ್ನೇ ನೋಡಿ ಹಾರಿದ್ದು 10 ಗಂಟೆ. ಇವೆಲ್ಲವೂ ಲಾಗ್‌ಬುಕ್ಕಿನಲ್ಲಿ ದಾಖಲಾಗುತ್ತವೆ. ಮಳೆ, ಮಂಜು, ವಿಮಾನದ ದುರಸ್ತಿ, ಬೋಧಕರ ಕೊರತೆ ಇವುಗಳಿಂದಾಗಿ ಒಂದು ವರ್ಷದಲ್ಲಿ ಮುಗಿಯಬಹುದಾದ ಈ ಲೆಕ್ಕವು ಎರಡು ಮೂರು ವರ್ಷಕ್ಕೆ ಎಳೆಯುವುದು ನಮ್ಮ ದೇಶದಲ್ಲಿ ಹೊಸದಲ್ಲ. ಕಲಬುರಗಿ ಮತ್ತು ಬೆಳಗಾವಿಯ ನಿಲ್ದಾಣಗಳಲ್ಲಿ ಈಚಿನ ವರ್ಷಗಳಲ್ಲಿ ತರಬೇತಿ ಶಾಲೆಗಳು ತೆರೆದಿರುವುದಕ್ಕೆ ಅಲ್ಲಿಯ ಆಕಾಶದಲ್ಲಿ ದೊಡ್ಡ ವಿಮಾನಗಳ ಸಂದಣಿ ಕಡಿಮೆಯಿರುವುದೂ ಒಂದು ಕಾರಣ.

ಆ ಹತ್ತು ಗಂಟೆಗಳ ಉಪಕರಣದ ಹಾರಾಟವು ಸಂಖ್ಯೆಯಲ್ಲಿ ಅಲ್ಪವಾದರೂ ಮಹತ್ತ್ವದಲ್ಲಿ ಉಳಿದೆಲ್ಲಕ್ಕೂ ಮಿಗಿಲಾದುದು. ನಮ್ಮ ಒಳಗಿವಿಯಲ್ಲಿ ಅರ್ಧವೃತ್ತಾಕಾರದ ಮೂರು ನಾಳಗಳಿದ್ದು, ಅವುಗಳೊಳಗಣ ದ್ರವದ ಚಲನೆಯಿಂದ ತಲೆ ಯಾವ ಕಡೆಗೆ ತಿರುಗುತ್ತಿದೆಯೆಂಬುದು ಮಿದುಳಿಗೆ ತಿಳಿಯುತ್ತದೆ. ನೀರು ತುಂಬಿದ ತಂಬಿಗೆಯನ್ನು ಒಂದೇ ಸಮನೆ ತಿರುಗಿಸುತ್ತಿದ್ದರೆ ಮೊದಲು ಹಿಂದುಳಿದ ನೀರು ಕ್ರಮೇಣ ತಂಬಿಗೆಯೊಡನೆ ಸಮವೇಗದಲ್ಲಿ ತಿರುಗತೊಡಗುವಂತೆ, ವಿಮಾನವು ಒಂದೇ ಸಮನಾದ ತಿರುವಿನಲ್ಲಿ ಇಪ್ಪತ್ತು ಸೆಕೆಂಡಿನಷ್ಟು ಕಾಲ ಇದ್ದರೆ ಆ ದ್ರವವೂ ನಾಳದೊಡನೆ ಹೊಂದಿಕೊಂಡು, ತಿರುಗುತ್ತಿದ್ದೇನೆಂಬ ಅರಿವೇ ಅಳಿಸಿಹೋಗುತ್ತದೆ. ಆಗ ವಿಮಾನವನ್ನು ನೇರ ಮಾಡಿದರೆ, ಎದುರು ದಿಕ್ಕಿಗೆ ತಿರುಗಿದಂತೆ ಭಾಸವಾಗುತ್ತದೆ. ಹೊರಗೆ ದಿಗಂತ ಕಾಣುತ್ತಿದ್ದರೆ ಕಣ್ಣು ಈ ಭ್ರಮೆಯನ್ನು ತಿದ್ದಿಬಿಡುತ್ತದೆ. ಮೋಡದೊಳಗೆ, ಇರುಳಿನಲ್ಲಿ, ಸಮುದ್ರದ ಮೇಲಣ ಮಬ್ಬಿನಲ್ಲಿ ತಿದ್ದುವವರಾರೂ ಇಲ್ಲ. ಪೈಲಟ್ ತನಗೆ ನೇರವೆಂದು ತೋರಿದ ಕಡೆಗೆ ವಿಮಾನವನ್ನು ಬಾಗಿಸುತ್ತಾನೆ, ಅದು ಎತ್ತರ ಕಳೆದುಕೊಳ್ಳುತ್ತದೆ, ಎತ್ತರ ಕಳೆದುದನ್ನು ಕಂಡು ಹಿಡಿಯನ್ನು ಜಗ್ಗುತ್ತಾನೆ, ಸುರುಳಿ ಬಿಗಿಯಾಗುತ್ತದೆ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ 1954ರಲ್ಲಿ, ಉಪಕರಣದ ಹಾರಾಟ ಕಲಿಯದ 20 ಮಂದಿಯನ್ನು ಹೊರಗಿನ ನೋಟ ಮರೆಮಾಡಿದ ವಿಮಾನದಲ್ಲಿ ಕೂರಿಸಿ ಪರೀಕ್ಷಿಸಿದಾಗ, ಇಪ್ಪತ್ತು ಮಂದಿಯೂ ಹತೋಟಿ ಕಳೆದುಕೊಂಡರು. ಅದಕ್ಕೆ ಹಿಡಿದ ಸರಾಸರಿ ಕಾಲ 178 ಸೆಕೆಂಡು.

ನಮ್ಮ ತಾರ್ಕಿಕರು ಪ್ರಮಾಣಗಳನ್ನೆಣಿಸುವಾಗ ಪ್ರತ್ಯಕ್ಷಕ್ಕೆ ಮೊದಲ ಸ್ಥಾನ ಕೊಟ್ಟರು; ಅನುಮಾನ, ಶಬ್ದಗಳು ಅದರ ತರುವಾಯ. ಮೋಡದೊಳಗಿರುವ ವೈಮಾನಿಕನಿಗೆ ಈ ಕ್ರಮವನ್ನು ತಲೆಕೆಳಗು ಮಾಡಿಕೊಳ್ಳದೆ ಬದುಕಿಲ್ಲ. ತನ್ನ ದೇಹವೇ ಇಡಿಯಾಗಿ ಒಂದು ಮಾತನ್ನು ಕೂಗಿ ಹೇಳುತ್ತಿರುವಾಗ, ಅಂಗೈಯಗಲದ ಕೃತಕ ದಿಗಂತವು ಹೇಳುವ ಬೇರೊಂದು ಮಾತನ್ನು ಸತ್ಯವೆಂದು ಅಂಗೀಕರಿಸಿ, ಆ ಉಪಕರಣವೂ ಕೆಟ್ಟಿರಬಹುದೆಂಬ ಸಂಶಯದಿಂದ ಅದರ ಸಾಕ್ಷ್ಯವನ್ನು ವೇಗಮಾಪಕ, ಎತ್ತರಮಾಪಕ, ದಿಕ್ಸೂಚಿಗಳ ಸಾಕ್ಷ್ಯದೊಡನೆ ತಾಳೆ ನೋಡುತ್ತಾ, ಕಣ್ಣನ್ನು ಒಂದರಿಂದೊಂದಕ್ಕೆ ಎಡೆಬಿಡದೆ ಆಡಿಸುತ್ತಾ ಹೋಗುವುದು ಅವನ ಅಭ್ಯಾಸ. ವಿದ್ಯಾರ್ಥಿಯ ತಲೆಗೆ ಹೊರನೋಟವನ್ನು ಮರೆಮಾಡುವ ಮುಸುಕೊಂದನ್ನು ತೊಡಿಸಿ ಬೋಧಕರು ಇದನ್ನು ಕಲಿಸುತ್ತಾರೆ. ವೇದಾಂತದ ಪುಸ್ತಕಗಳಲ್ಲಿ ಇಂದ್ರಿಯಗಳನ್ನು ನಂಬಬೇಡವೆಂದು ಓದಿ ತಲೆದೂಗುವವರು ಆ ಮುಸುಕಿನೊಳಗೆ ಹತ್ತು ನಿಮಿಷ ಕುಳಿತು ನೋಡಬಹುದು.

ಹಣದ ಮಾತನ್ನು ಬಿಡುವಂತಿಲ್ಲ. ಸಿಪಿಎಲ್ ಮುಗಿಯುವ ಹೊತ್ತಿಗೆ ಅರ್ಧ ಕೋಟಿ ರೂಪಾಯಿಯ ಆಸುಪಾಸು ಖರ್ಚಾಗುತ್ತದೆ, ಅದನ್ನು ಮೀರುವುದೂ ಉಂಟು. ದೊಡ್ಡ ವಿಮಾನವೊಂದರ ಟೈಪ್ ರೇಟಿಂಗ್ ತರಬೇತಿಗೆ ಮತ್ತೆ ಲಕ್ಷಗಳೇ ಬೇಕು. ಇಷ್ಟನ್ನು ಸುರಿದವನಿಗೆ ಕೆಲಸ ಸಿದ್ಧವಾಗಿ ಕಾಯುತ್ತಿರುತ್ತದೆಯೇ ಎಂದರೆ, ಅದು ಅವನ ಯೋಗ್ಯತೆಗಿಂತ ಹೆಚ್ಚಾಗಿ ಅವನು ಪರವಾನಗಿ ಪಡೆದ ವರ್ಷವನ್ನು ಅವಲಂಬಿಸಿದೆ. ಕ್ಯಾಪ್ಟನ್ ಗೋಪಿನಾಥರ ಏರ್ ಡೆಕ್ಕನ್ 2003ರಲ್ಲಿ ಬೆಂಗಳೂರು–ಹುಬ್ಬಳ್ಳಿಯ ನಡುವೆ ಹಾರಾಟ ಆರಂಭಿಸಿದ ಕಾಲದಲ್ಲಿ ಪೈಲಟ್‌ಗಳಿಗೆ ಬರಗಾಲ. ಬೆಂಗಳೂರಿನದೇ ಆದ ಕಿಂಗ್‌ಫಿಷರ್ 2012ರಲ್ಲಿ ನಿಂತಾಗ, 2019ರಲ್ಲಿ ಜೆಟ್ ಏರ್‌ವೇಸ್ ನಿಂತಾಗ, ಸಾವಿರಾರು ಗಂಟೆಗಳ ಅನುಭವವುಳ್ಳವರೇ ಬೀದಿಗೆ ಬಂದು, 200 ಗಂಟೆಯ ಹೊಸಬರನ್ನು ಕೇಳುವವರಿರಲಿಲ್ಲ. ಬಳಸದಿದ್ದರೆ ಪರವಾನಗಿ ಜಡವಾಗುವುದರಿಂದ, ಕೆಲಸಕ್ಕಾಗಿ ಕಾಯುವವನೂ ಹಾರಾಟಕ್ಕೆ ಹಣ ತೆರುತ್ತಲೇ ಕಾಯಬೇಕು. ಜಾಹೀರಾತುಗಳಲ್ಲಿ ಸಂಬಳದ ಅಂಕಿ ದಪ್ಪಕ್ಷರದಲ್ಲಿರುತ್ತದೆ, ಈ ಅಂಶ ಎಲ್ಲಿಯೂ ಇರುವುದಿಲ್ಲ.

ವಿಮಾನ ಸಂಸ್ಥೆ ಆರಿಸಿಕೊಂಡಿತೆನ್ನಿ. ಆಗ ಹೊಸಬನು ಸಿಮ್ಯುಲೇಟರಿನೊಳಗೆ ಹೋಗುತ್ತಾನೆ. ಯಾಂತ್ರಿಕ ಕಾಲುಗಳ ಮೇಲೆ ನಿಂತು ಅಲುಗಾಡುವ ಆ ಕೋಣೆಯಲ್ಲಿ, ನಿಜವಾದ ವಿಮಾನದಲ್ಲಿ ಮಾಡಿ ನೋಡಲಾಗದ ಅನಾಹುತಗಳನ್ನೆಲ್ಲ, ಎಂಜಿನ್ನಿಗೆ ಬೆಂಕಿ ಬೀಳುವುದನ್ನೂ ಹೊಗೆ ತುಂಬುವುದನ್ನೂ, ಒಂದಾದ ಮೇಲೊಂದರಂತೆ ತಂದೊಡ್ಡುತ್ತಾರೆ. ನೆಲದ ಮೇಲೆ ಓಡುತ್ತಿರುವ ವಿಮಾನಕ್ಕೆ ಪ್ರತಿ ಸಲವೂ ಮೊದಲೇ ಲೆಕ್ಕ ಹಾಕಿದ ನಿರ್ಣಯವೇಗವೊಂದಿದೆ. ಅದಕ್ಕೆ ಮೊದಲು ಎಂಜಿನ್ ಕೈಕೊಟ್ಟರೆ ನಿಲ್ಲಿಸಬೇಕು, ಅನಂತರ ಕೈಕೊಟ್ಟರೆ ಉಳಿದೊಂದು ಎಂಜಿನ್ನಿನಿಂದಲೇ ಮೇಲೇರಬೇಕು. ಆ ಕ್ಷಣದಲ್ಲಿ ಯೋಚಿಸುವುದಕ್ಕೆ ಅವಕಾಶ ಕೊಡಬಾರದೆಂಬುದೇ ಈ ಏರ್ಪಾಡಿನ ಉದ್ದೇಶ. ಚೆಕ್‌ಲಿಸ್ಟ್ ಎಂಬ ಬಡ ಕಾಗದದ ಹಿಂದೆಯೂ ಇದೇ ಬುದ್ಧಿ ಕೆಲಸ ಮಾಡಿದೆ. 1935ರ ಅಕ್ಟೋಬರ್ 30ರಂದು ಅಮೆರಿಕದ ರೈಟ್ ಫೀಲ್ಡಿನಲ್ಲಿ ಬೋಯಿಂಗ್ ಕಂಪನಿಯ ಹೊಸ ಬಾಂಬರ್ ವಿಮಾನವು ನುರಿತ ಚಾಲಕರ ಕೈಯಲ್ಲಿಯೇ ಏರಿದೊಡನೆ ಬಿದ್ದು ಉರಿದುದಕ್ಕೆ ಕಾರಣ, ನಿಂತ ವಿಮಾನದ ರೆಕ್ಕೆಬಾಲಗಳು ಗಾಳಿಗೆ ಅಲುಗದಂತೆ ಹಾಕಿದ್ದ ಅಗುಳಿಯನ್ನು ತೆಗೆಯಲು ಮರೆತದ್ದು. ಹೆಚ್ಚಿನ ನಿಪುಣರನ್ನು ಹುಡುಕುವ ಬದಲು, ನಿಪುಣರೂ ಮರೆಯುತ್ತಾರೆಂದು ಒಪ್ಪಿಕೊಂಡು, ಮಾಡಬೇಕಾದುದನ್ನು ಬರೆದಿಟ್ಟು ಓದಿಕೊಳ್ಳುವ ಪದ್ಧತಿ ಅಲ್ಲಿಂದ ಬೆಳೆಯಿತು. ಇಪ್ಪತ್ತು ಸಾವಿರ ಗಂಟೆ ಹಾರಿದ ಕ್ಯಾಪ್ಟನ್ನನೂ ಇಂದು ಚಕ್ರ ಇಳಿಸಿದೆಯೇ ಎಂಬುದನ್ನು ಪಕ್ಕದವನು ಓದಿ ಕೇಳಿದಾಗ ನೋಡಿ ಉತ್ತರಿಸುತ್ತಾನೆ.

ಪಕ್ಕದವನು ಎಂದೆನಷ್ಟೆ, ಕಲಿಯಬೇಕಾದುದರಲ್ಲಿ ಅತಿ ಕಠಿನವಾದುದು ಇರುವುದು ಆ ಎರಡು ಆಸನಗಳ ನಡುವೆಯೇ. 1977ರ ಮಾರ್ಚ್ 27ರಂದು ಕೆನರಿ ದ್ವೀಪಗಳ ಟೆನೆರೀಫೆಯಲ್ಲಿ, ಮಂಜು ಕವಿದ ರನ್‌ವೇಯ ಮೇಲೆ ಎರಡು ಬೋಯಿಂಗ್ 747 ವಿಮಾನಗಳು ಡಿಕ್ಕಿ ಹೊಡೆದು 583 ಮಂದಿ ಸತ್ತರು. ಎದುರಿನ ವಿಮಾನ ರನ್‌ವೇ ಬಿಟ್ಟಿದೆಯೇ ಎಂದು ಒಂದು ವಿಮಾನದ ಫ್ಲೈಟ್ ಎಂಜಿನಿಯರ್ ಸಂದೇಹ ವ್ಯಕ್ತಪಡಿಸಿದ್ದನು, ಆದರೆ ಸಂಸ್ಥೆಯಲ್ಲಿಯೇ ಹಿರಿಯನೆಂದು ಹೆಸರಾದ ಕ್ಯಾಪ್ಟನ್ನನ ಉತ್ತರಕ್ಕೆ ಎದುರಾಡಲಿಲ್ಲ. ನಮ್ಮ ಮಂಗಳೂರಿನ ಬಜ್ಪೆಯಲ್ಲಿ 2010ರ ಮೇ 22ರ ಬೆಳಗ್ಗೆ ನಡೆದುದು ಇದಕ್ಕಿಂತ ಸಂಕಟಕರ. ಗುಡ್ಡದ ನೆತ್ತಿಯನ್ನು ಸಮಮಾಡಿ ಕಟ್ಟಿದ, ಸುಮಾರು 8000 ಅಡಿ ಉದ್ದದ ಆ ರನ್‌ವೇಯಲ್ಲಿ ದುಬೈನಿಂದ ಬಂದ ವಿಮಾನವು ಹೆಚ್ಚು ಎತ್ತರದಲ್ಲಿಯೂ ಹೆಚ್ಚು ವೇಗದಲ್ಲಿಯೂ ಬಂದು, ಸುಮಾರು 5200 ಅಡಿ ಕಳೆದ ಮೇಲೆ ನೆಲ ಮುಟ್ಟಿ, ಕೊನೆಯನ್ನು ದಾಟಿ ಕಣಿವೆಗೆ ಉರುಳಿತು. 158 ಮಂದಿ ತೀರಿಕೊಂಡರು, 8 ಮಂದಿ ಉಳಿದರು. ಇಳಿಯುವುದನ್ನು ಬಿಟ್ಟು ಮತ್ತೆ ಮೇಲೇರೋಣವೆಂದು, 'ಗೋ ಅರೌಂಡ್' ಎಂದು, ಫಸ್ಟ್ ಆಫೀಸರ್ ಮೂರು ಬಾರಿ ಹೇಳಿದ್ದುದನ್ನೂ, ವಿಮಾನದ ಎಚ್ಚರಿಕೆಯ ಯಂತ್ರವು ಮತ್ತೆ ಮತ್ತೆ ಕೂಗಿದ್ದುದನ್ನೂ, ಕ್ಯಾಪ್ಟನ್ ದಾರಿಯಲ್ಲಿ ದೀರ್ಘಕಾಲ ನಿದ್ರಿಸಿ ಎದ್ದಿದ್ದುದನ್ನೂ ತನಿಖಾ ನ್ಯಾಯಾಲಯ ದಾಖಲಿಸಿತು. ಮಾತು ಹೇಳಲ್ಪಟ್ಟಿತ್ತು, ಕೇಳಲ್ಪಡಲಿಲ್ಲ. ಹಿರಿಯರ ಮುಂದೆ ದನಿಯೆತ್ತಬಾರದೆಂದು ಬೆಳೆಸುವ ನಮ್ಮ ಮನೆಗಳಿಂದ ಬಂದ ಹುಡುಗನಿಗೆ, ನಾನು ಹೇಳಿದರೂ ಕೇಳದಿದ್ದರೆ ಚುಕ್ಕಾಣಿಯನ್ನು ನಾನೇ ತೆಗೆದುಕೊಳ್ಳಬೇಕೆಂದು ಕಲಿಸುವುದು ಸ್ಟಾಲಿನಿಂದ ಪಾರಾಗುವುದನ್ನು ಕಲಿಸುವುದಕ್ಕಿಂತ ಎಷ್ಟು ಕಷ್ಟವೆಂಬುದನ್ನು ಊಹಿಸಬಹುದು. ಇಳಿಯದೆ ಮತ್ತೆ ಮೇಲೇರಿದ ವಿಮಾನದಲ್ಲಿ ಕುಳಿತು, ಪೈಲಟ್ಟಿಗೆ ಇಳಿಸಲು ಬರಲಿಲ್ಲವೆಂದು ಗೊಣಗುವ ಪ್ರಯಾಣಿಕರನ್ನು ಕಂಡಾಗಲೆಲ್ಲ ನನಗೆ ಬಜ್ಪೆಯ ನೆನಪಾಗುತ್ತದೆ.

ಬಲಗಡೆಯ ಆಸನದಿಂದ ಎಡಗಡೆಯ ಕ್ಯಾಪ್ಟನ್ನನ ಆಸನಕ್ಕೆ ಸರಿಯಲು 1500 ಗಂಟೆಗಳ ಹಾರಾಟ, ಮತ್ತೊಂದು ಸುತ್ತಿನ ಪರೀಕ್ಷೆಗಳು, ಎಟಿಪಿಎಲ್ ಎಂಬ ಉನ್ನತ ಪರವಾನಗಿ ಬೇಕು. ಸಂಸ್ಥೆಗಳು ಸಾಮಾನ್ಯವಾಗಿ ಅದಕ್ಕಿಂತ ಹೆಚ್ಚಿನ ಅನುಭವವನ್ನೇ ಕೇಳುತ್ತವೆ. 2021ರ ಜನವರಿಯಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದಿಂದ ಹೊರಟು ಉತ್ತರ ಧ್ರುವದ ಮೇಲಿಂದ ಬೆಂಗಳೂರಿಗೆ ಬಂದಿಳಿದ ಏರ್ ಇಂಡಿಯಾ ವಿಮಾನದ ಕ್ಯಾಪ್ಟನ್ ಜೋಯಾ ಅಗರವಾಲ್ ಅವರೂ, ಅವರ ಜತೆಗಿದ್ದ ಪೈಲಟ್‌ಗಳೆಲ್ಲರೂ ಸ್ತ್ರೀಯರಾಗಿದ್ದುದು ಈ ಏಣಿಯ ಮೇಲಿನ ಮೆಟ್ಟಿಲುಗಳು ಯಾರಿಗೆ ದಕ್ಕುತ್ತವೆಂಬ ಹಳೆಯ ಊಹೆಗೆ ಕೊಟ್ಟ ಉತ್ತರ.

ಹಾಗೆ ಕ್ಯಾಪ್ಟನ್ ಆದವರಿಗಾದರೂ ಪರೀಕ್ಷೆಯಿಂದ ಬಿಡುಗಡೆಯುಂಟೆ? ಪ್ರತಿದಿನ ಹಾರುವುದಕ್ಕೆ ಮುಂಚೆ ಉಸಿರಿನಲ್ಲಿ ಮದ್ಯದ ಅಂಶವಿದೆಯೇ ಎಂಬ ತಪಾಸಣೆ. ಹಾರಾಟಕ್ಕೆ ಹಿಂದಿನ ಹನ್ನೆರಡು ಗಂಟೆ ಅದು ವರ್ಜ್ಯ. ವರ್ಷಕ್ಕೆ 1000 ಗಂಟೆಗಿಂತ ಹೆಚ್ಚು ಹಾರುವಂತಿಲ್ಲ. ದೇಹಪರೀಕ್ಷೆ ಕಾಲಕಾಲಕ್ಕೆ ಮರಳಿ ಬರುತ್ತದೆ. ಅಲ್ಲಿ ಹೃದಯವೋ ಕಿವಿಯೋ ಮುನಿದರೆ ಜೀವನೋಪಾಯಕ್ಕೇ ಸಂಚಕಾರ. ಆರು ತಿಂಗಳಿಗೊಮ್ಮೆ ಸಿಮ್ಯುಲೇಟರಿನಲ್ಲಿ, ಕೆಲವೊಮ್ಮೆ ತನಗಿಂತ ಹತ್ತಾರು ವರ್ಷ ಕಿರಿಯನಾದ ಪರೀಕ್ಷಕನ ಎದುರು, ನಿರ್ಣಯವೇಗದ ಆಚೆಗೆ ಸತ್ತುಹೋಗುವ ಎಂಜಿನ್ನಿನೊಡನೆ ತಲೆನರೆತ ಕ್ಯಾಪ್ಟನ್ ಹೆಣಗಾಡಿ ತೇರ್ಗಡೆಯಾಗಬೇಕು. ವಯಸ್ಸು ಅರವತ್ತು ದಾಟಿದ ಮೇಲೂ ಅರವತ್ತೈದರವರೆಗೆ ಅವನು ಪ್ರಯಾಣಿಕರನ್ನು ಒಯ್ಯಬಹುದು. ಆದರೆ ಜತೆಯ ಆಸನದಲ್ಲಿರುವವನಿಗೆ ಅರವತ್ತು ಮೀರಿರಕೂಡದು.